ಮುಚ್ಚಳ ಮುಚ್ಚಿದ ಮೇಲೆ ಡಿಸ್ಕಿಗೆ ಏನಾಗುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರದ ತಮ್ಮ ತಂತ್ರಜ್ಞಾನ ಪುರವಣಿಯಲ್ಲಿ ಲ್ಯಾಪ್‌ಟಾಪ್ ಬಳಕೆಯ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈಗಿನ ಕಂಪ್ಯೂಟರುಗಳನ್ನು ಶಟ್‌ಡೌನ್ ಮಾಡುತ್ತ ಕೂರಬೇಕಾಗಿಲ್ಲ, ಮುಚ್ಚಳ ಮುಚ್ಚಿದರೆ ಸಾಕು, ಮಿಕ್ಕದ್ದನ್ನೆಲ್ಲ ಆಪರೇಟಿಂಗ್ ಸಿಸ್ಟಂ ನೋಡಿಕೊಳ್ಳುತ್ತದೆ ಎಂಬ ಅರ್ಥದ ಸಲಹೆ ಅದರಲ್ಲಿತ್ತು. ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವ ಗ್ರಂಥಾಲಯವೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುವ ನನಗೆ ಈ ಸಲಹೆಯ ಮೊದಲರ್ಧದ ಬಗ್ಗೆ ತಕರಾರಿಲ್ಲ. ನಾನೂ ದಿನಕ್ಕೆ ನಾಲ್ಕಾರು ಸಲ ಮುಚ್ಚಳ ಮುಚ್ಚಿಯೇ ಎದ್ದು ಹೋಗುತ್ತೇನೆ. ಆದರೆ ‘ಮಿಕ್ಕದ್ದನ್ನೆಲ್ಲ’ ಎಂಬುದರೊಳಗೆ ಏನೇನು ಸೇರಿದೆ, ಅದರಲ್ಲಿ ಯಾವುದನ್ನು ಆಪರೇಟಿಂಗ್ ಸಿಸ್ಟಂ ನಿಜವಾಗಿ ನೋಡಿಕೊಳ್ಳುತ್ತದೆ, ಯಾವುದನ್ನು ನೋಡಿಕೊಳ್ಳಲು ಅದಕ್ಕೆ ಸಾಧ್ಯವೇ ಇಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಓದುಗರು ತಮ್ಮ ಫೈಲುಗಳನ್ನು ಕಳೆದುಕೊಳ್ಳುವ ದಾರಿ ಹಿಡಿಯುತ್ತಾರೆ. ಅದರಲ್ಲೂ ಡಿಸ್ಕ್, ಪೆನ್ ಡ್ರೈವ್, ಮೆಮೊರಿ ಕಾರ್ಡುಗಳ ವಿಷಯದಲ್ಲಿ ಆ ಲೇಖನದ ಮೌನ ನನಗೆ ಸರಿ ಕಾಣಲಿಲ್ಲ. ಹಾಗಾಗಿ ಸ್ವಲ್ಪ ದೀರ್ಘವಾದರೂ ಈ ಪತ್ರ ಬರೆಯುತ್ತಿದ್ದೇನೆ.

ಪೂರ್ತಿ ಶಟ್‌ಡೌನ್ ಮಾಡಿದಾಗ ಆಪರೇಟಿಂಗ್ ಸಿಸ್ಟಂ ಪ್ರತಿಯೊಂದು ಡಿಸ್ಕಿನ ಫೈಲ್ ವ್ಯವಸ್ಥೆಯನ್ನೂ (ಫೈಲುಗಳ ಲೆಕ್ಕವಿಡುವ ಏರ್ಪಾಡನ್ನು) ಕಳಚಿ, ಲೆಕ್ಕಪತ್ರವನ್ನೆಲ್ಲ ಚುಕ್ತಾ ಮಾಡಿ, ‘ಇದು ಸರಿಯಾಗಿ ಮುಚ್ಚಿದ ಡಿಸ್ಕ್’ ಎಂಬ ಗುರುತನ್ನು ಅದರ ಮೇಲೆಯೇ ಬರೆದಿಡುತ್ತದೆ. ಮುಚ್ಚಳ ಮುಚ್ಚಿದಾಗ ಯಂತ್ರ ಹೋಗುವ ‘ಸ್ಲೀಪ್’, ಅಂದರೆ ನಿದ್ರೆಯ ಸ್ಥಿತಿಯಲ್ಲಿ ಹೀಗೆ ಆಗುವುದಿಲ್ಲ. ಫೈಲ್ ವ್ಯವಸ್ಥೆ ತೆರೆದೇ ಇರುತ್ತದೆ. ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿಯಿದೆ ಎಂಬ ತಿಳಿವಳಿಕೆಯ ಒಂದು ಪ್ರತಿ ಡಿಸ್ಕಿನಲ್ಲಿಯೂ ಅದಕ್ಕಿಂತ ಹೊಸದಾದ ಇನ್ನೊಂದು ಪ್ರತಿ ಕಂಪ್ಯೂಟರಿನ ಮೆಮೊರಿಯಲ್ಲಿಯೂ ಉಳಿದಿರುತ್ತವೆ. ಮೆಮೊರಿಗೆ ಮಾತ್ರ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಿರುತ್ತದೆ, ಉಳಿದದ್ದರಲ್ಲಿ ಬಹುಪಾಲು ಆರಿರುತ್ತದೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಸೇರಿ 1996ರ ಡಿಸೆಂಬರಿನಲ್ಲಿ ಹೊರತಂದ, ಕಂಪ್ಯೂಟರಿನ ವಿದ್ಯುತ್ ನಿರ್ವಹಣೆಯ ಎಸಿಪಿಐ ಎಂಬ ಮಾನಕದಲ್ಲಿ ಈ ಸ್ಥಿತಿಗೆ ಎಸ್-3 ಎಂದು ಹೆಸರು. ಮೆಮೊರಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆರಿಸುವ ಹೈಬರ್ನೇಟ್‌ಗೆ ಎಸ್-4 ಎಂದು ಹೆಸರು. ಎರಡರಲ್ಲಿಯೂ ಡಿಸ್ಕ್ ಮಾತ್ರ ಅರ್ಧ ಹೇಳಿದ ಮಾತಿನಂತೆ ನಿಂತಿರುತ್ತದೆ. ಮುಂದಿನ ಎಲ್ಲ ತೊಂದರೆಗಳ ಮೂಲ ಇದೇ.

ಮುಚ್ಚಳ ಮುಚ್ಚಿದ ಮೇಲಿನ ಆ ಎರಡು-ಮೂರು ಸೆಕೆಂಡುಗಳಲ್ಲಿ ಒಳಗೆ ಏನು ನಡೆಯುತ್ತದೆ ಎಂಬುದು ನಿಜಕ್ಕೂ ಗಮನಿಸತಕ್ಕ ಸಂಗತಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಕ್ರಮ ಎಲ್ಲರಿಗೂ ಓದಲು ಸಿಗುವುದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೊದಲು ಮೆಮೊರಿಯಲ್ಲಿ ಬಾಕಿ ಉಳಿದಿರುವ ಬರಹವನ್ನೆಲ್ಲ ಡಿಸ್ಕುಗಳಿಗೆ ಕಳುಹಿಸಲಾಗುತ್ತದೆ. ಸಾಮಾನ್ಯ ಹೊತ್ತಿನಲ್ಲಿ ನಾವು ‘ಸೇವ್’ ಒತ್ತಿದ ಫೈಲು ಕೂಡ 30 ಸೆಕೆಂಡಿನಷ್ಟು ಕಾಲ ಮೆಮೊರಿಯಲ್ಲಿಯೇ ಕಾಯುತ್ತಿರಬಹುದಾದ್ದರಿಂದ ಈ ಮೊದಲ ಹೆಜ್ಜೆ ಬಹಳ ಮುಖ್ಯವಾದುದು. ಅನಂತರ ಓಡುತ್ತಿರುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಂತಲ್ಲೇ ತಡೆದು ನಿಲ್ಲಿಸಲಾಗುತ್ತದೆ. ಇದಕ್ಕೆ ಕರ್ನೆಲ್ ಇಟ್ಟುಕೊಂಡಿರುವ ಗಡುವು 20 ಸೆಕೆಂಡು. ಯಾವುದಾದರೂ ಪ್ರೋಗ್ರಾಮು ಎಲ್ಲೋ ದೂರದ ನೆಟ್‌ವರ್ಕ್ ಡಿಸ್ಕಿನಿಂದ ಉತ್ತರ ಬರಲೆಂದು ಕಾದು ಕುಳಿತಿದ್ದರೆ ಅದು ನಿಲ್ಲಲು ಒಪ್ಪುವುದಿಲ್ಲ, ಗಡುವು ಮೀರುತ್ತದೆ, ಸ್ಲೀಪ್ ಯತ್ನವೇ ರದ್ದಾಗಿ ಯಂತ್ರ ಎಚ್ಚರವಾಗಿಯೇ ಉಳಿಯುತ್ತದೆ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದ ಲ್ಯಾಪ್‌ಟಾಪ್ ಒಂದು ಗಂಟೆಯ ಮೇಲೆ ಕೈಸುಡುವಷ್ಟು ಬಿಸಿಯಾಗಿ ಹೊರಬರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಾಕಿ ಬರಹವನ್ನು ಡಿಸ್ಕಿಗೆ ಕಳುಹಿಸುವುದು ಮೊದಲು, ಪ್ರೋಗ್ರಾಮುಗಳನ್ನು ತಡೆಯುವುದು ಆಮೇಲೆ. ನಡುವಿನ ಆ ಸಣ್ಣ ಅವಧಿಯಲ್ಲಿ ಯಾವುದಾದರೂ ಪ್ರೋಗ್ರಾಮು ಇನ್ನೊಂದಿಷ್ಟು ಬರೆದರೆ ಅದು ಮೆಮೊರಿಯಲ್ಲಿಯೇ ಉಳಿದು ಮಲಗುತ್ತದೆ. ಬ್ಯಾಟರಿ ಇರುವವರೆಗೆ ಅದರಿಂದ ಏನೂ ಅಡ್ಡಿಯಿಲ್ಲ. ಎದ್ದ ಮೇಲೆ ಅದು ಡಿಸ್ಕಿಗೆ ಹೋಗುತ್ತದೆ. ಬ್ಯಾಟರಿ ಮುಗಿದರೆ ಮಾತ್ರ ಆ ಬರಹ ಇದ್ದದ್ದೇ ಸುಳ್ಳು ಎಂಬಂತಾಗುತ್ತದೆ. ವಿಂಡೋಸ್‌ನಲ್ಲಿಯೂ ಕತೆ ಬಹಳ ಬೇರೆಯಲ್ಲ. 2007ರಲ್ಲಿ ಬಂದ ವಿಸ್ತಾದಿಂದ ಈಚೆಗೆ ‘ಈಗ ಮಲಗಬೇಡ’ ಎಂದು ತಡೆಯುವ ಹಕ್ಕು ಪ್ರೋಗ್ರಾಮುಗಳಿಗಿಲ್ಲ. ‘ಮಲಗುತ್ತಿದ್ದೇವೆ’ ಎಂಬ ಸೂಚನೆ ಬಂದ ಮೇಲೆ ತಮ್ಮ ಕೆಲಸವನ್ನು ಓರಣ ಮಾಡಿಕೊಳ್ಳಲು ಅವುಗಳಿಗೆ ಸಿಗುವುದು ಸುಮಾರು 2 ಸೆಕೆಂಡು.

ಪ್ರೋಗ್ರಾಮುಗಳೆಲ್ಲ ನಿಂತ ಮೇಲೆ ಸಾಧನಗಳ ಸರದಿ. ಅಲ್ಲೊಂದು ಕಟ್ಟುನಿಟ್ಟಿನ ಕ್ರಮವಿದೆ: ಕೊನೆಯ ಕೊಂಬೆಯಿಂದ ಬುಡದ ಕಡೆಗೆ. ಮೊದಲು ಡಿಸ್ಕ್, ಆಮೇಲೆ ಡಿಸ್ಕನ್ನು ನಡೆಸುವ ಕಂಟ್ರೋಲರ್, ಆಮೇಲೆ ಆ ಕಂಟ್ರೋಲರ್ ಕುಳಿತಿರುವ ‘ಬಸ್’ ಎಂಬ ಸಂಪರ್ಕ ಮಾರ್ಗ. ಏಳುವಾಗ ಇದೇ ಕ್ರಮ ತಿರುಗುಮುರುಗು. ಕಂಟ್ರೋಲರನ್ನು ಮೊದಲು ಮಲಗಿಸಿಬಿಟ್ಟರೆ ಡಿಸ್ಕಿಗೆ ಕೊನೆಯ ಮಾತು ಹೇಳಲು ದಾರಿಯೇ ಇರುವುದಿಲ್ಲ, ಅದಕ್ಕೇ ಈ ಕ್ರಮ. ಆ ಕೊನೆಯ ಮಾತಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ‘ನಿನ್ನ ಸ್ವಂತ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುವುದನ್ನೆಲ್ಲ ಈಗಲೇ ಶಾಶ್ವತ ಜಾಗಕ್ಕೆ ಬರೆ’ ಎಂಬ ಆದೇಶ. ಬಹುಮಂದಿಗೆ ಗೊತ್ತಿಲ್ಲದ ವಿಷಯವೆಂದರೆ, ಡಿಸ್ಕ್ ‘ಬರೆದಾಯಿತು’ ಎಂದು ಉತ್ತರ ಕೊಟ್ಟಾಗ ಅದು ನಿಜವಾಗಿ ತಟ್ಟೆಯ ಮೇಲೋ ಚಿಪ್ಪಿನೊಳಗೋ ಬರೆದಿರಬೇಕೆಂದೇನಿಲ್ಲ. ತನ್ನೊಳಗಿನ ಸಣ್ಣ ಮೆಮೊರಿಗೆ, ಅಂದರೆ ಕ್ಯಾಶ್‌ಗೆ, ಇಳಿಸಿಕೊಂಡ ಕೂಡಲೇ ಹಾಗೆ ಹೇಳುವ ರೂಢಿ ಅದಕ್ಕಿದೆ, ವೇಗದ ಗುಟ್ಟೇ ಅದು. ಎರಡನೆಯದು, ‘ಇನ್ನು ನಿಲ್ಲು’ ಎಂಬ ಆದೇಶ.

ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಈ ಎರಡನೆಯ ಆದೇಶವನ್ನು ಕಿವಿಯಿಂದಲೇ ಕೇಳಬಹುದು. ಆದೇಶ ಬಂದ ಕೂಡಲೇ ಓದುವ-ಬರೆಯುವ ಹೆಡ್ ತಟ್ಟೆಯಿಂದ ಸರಿದು, ಬದಿಯಲ್ಲಿರುವ ಇಳಿಜಾರು ಮೆಟ್ಟಿಲಿನ ಮೇಲೆ ಮೃದುವಾಗಿ ಹತ್ತಿ ಕೂರುತ್ತದೆ, ಒಂದು ಸಣ್ಣ ‘ಟಕ್’ ಸದ್ದು, ಅನಂತರ ತಟ್ಟೆಯ ಗುಂಯ್‌ಗುಡುವಿಕೆ ನಿಧಾನವಾಗಿ ಇಳಿದು ನಿಲ್ಲುತ್ತದೆ. ಆದೇಶ ಬರುವ ಮೊದಲೇ ವಿದ್ಯುತ್ ಹೋದರೆ ಹೆಡ್ಡನ್ನು ಉಳಿಸಿಕೊಳ್ಳಲು ಡಿಸ್ಕ್ ಒಂದು ಅದ್ಭುತ ಉಪಾಯ ಮಾಡುತ್ತದೆ: ಇನ್ನೂ ತಿರುಗುತ್ತಿರುವ ತಟ್ಟೆಯ ಮೋಟಾರನ್ನೇ ಜನರೇಟರಿನಂತೆ ಬಳಸಿ, ಅದರಿಂದ ಹುಟ್ಟುವ ಅಲ್ಪ ವಿದ್ಯುತ್ತಿನಲ್ಲಿ ಹೆಡ್ಡನ್ನು ಎಳೆದು ಮೆಟ್ಟಿಲಿಗೆ ಎಸೆಯುತ್ತದೆ. ಜೀವ ಉಳಿಸಿಕೊಳ್ಳುವ ಆ ಎಳೆತ ಮೃದುವಾದುದಲ್ಲ. ಲ್ಯಾಪ್‌ಟಾಪ್ ಡಿಸ್ಕುಗಳ ವಿವರಪತ್ರಗಳಲ್ಲಿ ಸಾಧಾರಣ ಹತ್ತಿಳಿತಗಳಿಗೆ ಲಕ್ಷಗಳ ಲೆಕ್ಕದಲ್ಲಿ ಮಿತಿ ಕೊಟ್ಟಿದ್ದರೆ ಇಂತಹ ತುರ್ತು ಎಳೆತಗಳಿಗೆ ಸಾವಿರಗಳ ಲೆಕ್ಕದಲ್ಲಿ ಮಿತಿ ಕೊಟ್ಟಿರುತ್ತಾರೆ. ಸ್ಲೀಪ್‌ಗೆ ಹೋಗುವ ಯಂತ್ರದಿಂದ ‘ಟಕ್’ ಎಂಬ ಮೃದು ಸದ್ದಿನ ಬದಲು ಗಟ್ಟಿಯಾದ ‘ಟಕ್ಕ್’ ಕೇಳಿ ಒಡನೆಯೇ ಮೌನ ಕವಿದರೆ, ಕೊನೆಯ ಮಾತು ಡಿಸ್ಕನ್ನು ತಲುಪಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ತಟ್ಟೆಯ ಬದಲು ಚಿಪ್ಪುಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಗಳಲ್ಲಿ ಚಲಿಸುವ ಭಾಗವೇ ಇಲ್ಲವಲ್ಲ, ಅವುಗಳಿಗೆ ಈ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಅವುಗಳಿಗೆ ಚಿಂತೆ ಒಂದು ಕೈ ಹೆಚ್ಚೇ. ಫ್ಲ್ಯಾಶ್ ಚಿಪ್ಪಿನಲ್ಲಿ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬರೆಯಲಾಗದ್ದರಿಂದ ಎಸ್‌ಎಸ್‌ಡಿ ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಹಾಕಿ, ‘ಕಂಪ್ಯೂಟರು ಇಂತಹ ಸಂಖ್ಯೆಯೆಂದು ಕರೆಯುವ ಬ್ಲಾಕ್ ಈಗ ಇಂತಹ ಜಾಗದಲ್ಲಿದೆ’ ಎಂಬ ಒಂದು ದೊಡ್ಡ ನಕ್ಷೆಯನ್ನು ಇಟ್ಟುಕೊಂಡಿರುತ್ತದೆ. ಆ ನಕ್ಷೆಯ ಹೊಚ್ಚಹೊಸ ಭಾಗ ಅದರ ಕ್ಯಾಶ್‌ನಲ್ಲಿರುತ್ತದೆ. ಮುಂಚಿತವಾಗಿ ತಿಳಿಸದೆ ವಿದ್ಯುತ್ ತೆಗೆದರೆ, ಮುಂದಿನ ಸಲ ಏಳುವಾಗ ಅದು ಚಿಪ್ಪುಗಳನ್ನು ಓದುತ್ತ ನಕ್ಷೆಯನ್ನು ಮರಳಿ ಕಟ್ಟಬೇಕಾಗುತ್ತದೆ. ಸರ್ವರುಗಳಿಗೆಂದು ಮಾಡಿದ ದುಬಾರಿ ಎಸ್‌ಎಸ್‌ಡಿಗಳಲ್ಲಿ ಆ ಕ್ಷಣಕ್ಕೆ ಬೇಕಾದ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಿರುತ್ತವೆ; ನಮ್ಮ ನಿಮ್ಮ ಲ್ಯಾಪ್‌ಟಾಪುಗಳಲ್ಲಿರುವ ಬಹುತೇಕ ಎಸ್‌ಎಸ್‌ಡಿಗಳಲ್ಲಿ ಇರುವುದಿಲ್ಲ. ಅದಕ್ಕಾಗಿಯೇ ಕಂಪ್ಯೂಟರು ಎಸ್‌ಎಸ್‌ಡಿಯೊಂದಿಗೆ ಮಾತನಾಡುವ ಎನ್‌ವಿಎಂಇ ಎಂಬ ಮಾನಕದಲ್ಲಿ ‘ನಿಲ್ಲಿಸುತ್ತಿದ್ದೇನೆ’ ಎಂದು ಮೊದಲು ತಿಳಿಸಿ, ‘ಮುಗಿಯಿತು’ ಎಂಬ ಉತ್ತರ ಬರುವವರೆಗೆ ಕಾದು, ಆಮೇಲೆ ವಿದ್ಯುತ್ ತೆಗೆಯಬೇಕೆಂಬ ವಿಧಿಯಿದೆ. ಹಾಗೆ ತಿಳಿಸದೆ ವಿದ್ಯುತ್ ಹೋದ ಸಲಗಳನ್ನು ಡ್ರೈವ್ ತಾನೇ ಎಣಿಸಿಟ್ಟುಕೊಳ್ಳುತ್ತದೆ. ‘ಅಸುರಕ್ಷಿತ ಸ್ಥಗಿತ’ ಎಂಬ ಅರ್ಥದ ಹೆಸರಿನಲ್ಲಿ ಆ ಎಣಿಕೆ ಡ್ರೈವಿನ ಆರೋಗ್ಯ ವರದಿಯಲ್ಲಿ ಯಾರು ಬೇಕಾದರೂ ನೋಡುವಂತೆ ಸಿಗುತ್ತದೆ.

ನಮ್ಮಲ್ಲಿನ ಒಂದು ಲ್ಯಾಪ್‌ಟಾಪಿನಲ್ಲಿ ನಾನು ಈ ಎಣಿಕೆಯನ್ನು ಪ್ರತಿದಿನ ಬೆಳಿಗ್ಗೆ ಒಂದು ಚೀಟಿಯಲ್ಲಿ ಬರೆದಿಡುತ್ತ ಬಂದೆ. ಆ ಯಂತ್ರ ಒಮ್ಮೆಯೂ ಹಠಾತ್ತನೆ ಆರಿರಲಿಲ್ಲ, ಬ್ಯಾಟರಿ ಒಮ್ಮೆಯೂ ಬರಿದಾಗಿರಲಿಲ್ಲ. ಆದರೂ ಮುಚ್ಚಳ ಮುಚ್ಚಿಟ್ಟು ಹೋದ 11 ರಾತ್ರಿಗಳಲ್ಲಿ ಎಣಿಕೆ ಸರಿಯಾಗಿ 11 ಏರಿತ್ತು. ಅಂದರೆ ಪ್ರತಿ ರಾತ್ರಿಯೂ ಆ ಡ್ರೈವಿಗೆ ಹೇಳದೆ ಕೇಳದೆ ವಿದ್ಯುತ್ ತೆಗೆಯಲಾಗುತ್ತಿತ್ತು. ಪರದೆಯ ಮೇಲೆ ಇದರ ಒಂದಕ್ಷರವೂ ಕಾಣಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಎಲ್ಲವೂ ಬಿಟ್ಟಲ್ಲಿಯೇ ಇರುತ್ತಿತ್ತು. ಯಂತ್ರದ ಫರ್ಮ್‌ವೇರನ್ನು (ತಯಾರಕರು ಯಂತ್ರದೊಳಗೇ ಕೂರಿಸಿದ ಮೂಲ ತಂತ್ರಾಂಶವನ್ನು) ಹೊಸದಕ್ಕೆ ಬದಲಿಸಿದ ಮೇಲೆ ಏರಿಕೆ ನಿಂತಿತು. ಆ ಚೀಟಿ ಬರೆಯದಿದ್ದರೆ ನನಗೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಹೀಗಾಗುವುದಕ್ಕೆ ಕಾರಣ, ಸ್ಲೀಪ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಈಗ ಬೇರೆ ಬೇರೆ ಸ್ಥಿತಿಗಳು ಅಡಗಿರುವುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವು ಎಸ್-3 ಸ್ಥಿತಿಯನ್ನು ಬಿಟ್ಟು, ಮೊಬೈಲ್ ಫೋನಿನ ಹಾಗೆ ಪರದೆ ಆರಿಸಿ ಒಳಗೆ ಅರೆಎಚ್ಚರದಲ್ಲಿರುವ ಕ್ರಮವನ್ನು ಹಿಡಿದಿವೆ. 2012ರ ವಿಂಡೋಸ್ 8ರಿಂದ ಮೊದಲಾದ ಈ ಕ್ರಮವನ್ನು ಈಗ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಎನ್ನುತ್ತಾರೆ. ಇದರಲ್ಲಿ ಡ್ರೈವನ್ನು ಪೂರ್ತಿ ನಿಲ್ಲಿಸುವ ಬದಲು, ಅದಕ್ಕೆ ವಿದ್ಯುತ್ ಕೊಡುತ್ತಲೇ ಅದರ ಅತ್ಯಂತ ಮಿತವ್ಯಯದ ಸ್ಥಿತಿಗೆ ಇಳಿಸಿ ಬಿಡುವುದುಂಟು. ಲಿನಕ್ಸ್ ಕೂಡ 2019ರ ಸೆಪ್ಟೆಂಬರಿನಲ್ಲಿ ಬಂದ 5.3 ಆವೃತ್ತಿಯಿಂದ ಎನ್‌ವಿಎಂಇ ಡ್ರೈವುಗಳನ್ನು ಹೀಗೆಯೇ ನಡೆಸಿಕೊಳ್ಳಲು ತೊಡಗಿತು. ಆದರೆ ಆಪರೇಟಿಂಗ್ ಸಿಸ್ಟಂ ‘ವಿದ್ಯುತ್ ಇರುತ್ತದೆ’ ಎಂದು ನಂಬಿ ಡ್ರೈವನ್ನು ತೂಕಡಿಸಲು ಬಿಟ್ಟು, ಅತ್ತ ಯಂತ್ರದ ಫರ್ಮ್‌ವೇರ್ ‘ಇದು ಮಲಗಿದೆ’ ಎಂದುಕೊಂಡು ವಿದ್ಯುತ್ತನ್ನೇ ತೆಗೆದುಬಿಟ್ಟರೆ, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡು ಡ್ರೈವ್ ಮಾತ್ರ ನಡುವೆ ಸಿಕ್ಕಿಬೀಳುತ್ತದೆ. ಯಾವ ಯಂತ್ರದಲ್ಲಿ ಯಾವ ಬಗೆಯ ನಿಲುಗಡೆ ಸರಿ ಎಂಬುದನ್ನು ಫರ್ಮ್‌ವೇರ್ ಸ್ಪಷ್ಟವಾಗಿ ಹೇಳಬೇಕು, ಆಪರೇಟಿಂಗ್ ಸಿಸ್ಟಂ ಅದನ್ನು ಕೇಳಬೇಕು. ಹಾಗೆ ಹೇಳುವ ಏರ್ಪಾಡು ಇದೆ. ಅದನ್ನು ತುಂಬದೆ ಯಂತ್ರವನ್ನು ಮಾರುಕಟ್ಟೆಗೆ ಬಿಡುವ ತಯಾರಕರೂ ಇದ್ದಾರೆ. ಕರ್ನೆಲ್ ಬರೆಯುವವರು ಅಂತಹ ಯಂತ್ರಗಳ ಹೆಸರುಗಳನ್ನು ಒಂದೊಂದಾಗಿ ಪಟ್ಟಿಗೆ ಸೇರಿಸುತ್ತ, ಪ್ರತಿಯೊಂದಕ್ಕೂ ಬೇರೆ ದಾರಿ ಮಾಡಿಕೊಡುತ್ತ ಇರುವುದನ್ನು ನೋಡಿದಾಗ ಅವರ ತಾಳ್ಮೆಗೆ ಕೈಮುಗಿಯಬೇಕೆನಿಸುತ್ತದೆ.

ಏಳುವಾಗಿನ ಕೆಲಸ ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ಡಿಸ್ಕಿನೊಂದಿಗಿನ ಕೊಂಡಿಯನ್ನು ಮತ್ತೆ ಹೊಂದಿಸಿ, ‘ನೀನು ಯಾರು’ ಎಂದು ಕೇಳಿ, ಮೊದಲಿದ್ದದ್ದೇ ಎಂದು ಖಚಿತವಾದ ಮೇಲೆ ಕಾದಿರುವ ಕೆಲಸಗಳನ್ನು ಬಿಡಲಾಗುತ್ತದೆ. ತಿರುಗುವ ಡಿಸ್ಕಾದರೆ ತಟ್ಟೆ ವೇಗ ಹಿಡಿಯಲು ಹಲವು ಸೆಕೆಂಡು ಬೇಕು. ಪರದೆ ಬೆಳಗಿದರೂ ಫೈಲ್ ತೆರೆಯಲು ತಡವಾಗುವುದು ಅದಕ್ಕೇ. ತಾನೇ ಗೂಢಲಿಪಿಯಲ್ಲಿ ಬರೆಯುವ ಡ್ರೈವುಗಳಲ್ಲಿ ಇನ್ನೊಂದು ತೊಡಕಿದೆ: ವಿದ್ಯುತ್ ಹೋದೊಡನೆ ಅವು ಬೀಗ ಹಾಕಿಕೊಳ್ಳುತ್ತವೆ, ಎದ್ದ ಮೇಲೆ ಯಾರಾದರೂ ಬೀಗ ತೆಗೆಯಬೇಕು, ಬೀಗದ ಕೈ ಮಾತ್ರ ಮೆಮೊರಿಯಲ್ಲಿಯೇ ಉಳಿದಿರಬೇಕು. ಇಷ್ಟು ಹೇಳಿ ಇದನ್ನು ಇಲ್ಲಿಗೆ ಬಿಡುತ್ತೇನೆ, ಏಕೆಂದರೆ ನನ್ನ ನಿಜವಾದ ಕಳವಳ ಮುಂದಿನದು.

ಯಂತ್ರ ಮಲಗಿರುವಾಗ ಅದರ ಡಿಸ್ಕನ್ನು ಬೇರೆ ಯಾರಾದರೂ ಮುಟ್ಟಿದರೆ ಏನಾಗುತ್ತದೆ? ಯಂತ್ರದೊಳಗೆ ತಿರುಪು ಹಾಕಿ ಕೂರಿಸಿದ ಡಿಸ್ಕಿನ ವಿಷಯದಲ್ಲಿ ಈ ಪ್ರಶ್ನೆ ಅಪರೂಪ. ಯುಎಸ್‌ಬಿ ಡ್ರೈವುಗಳ ವಿಷಯದಲ್ಲಿ ದಿನನಿತ್ಯದ್ದು. ಯಂತ್ರ ಮಲಗಿದಾಗ ಯುಎಸ್‌ಬಿ ಕಿಂಡಿಗಳಿಗೆ ಕೆಲವು ಯಂತ್ರಗಳು ವಿದ್ಯುತ್ ಉಳಿಸಿಕೊಂಡಿರುತ್ತವೆ, ಕೆಲವು ತೆಗೆದುಬಿಡುತ್ತವೆ. ಉಳಿಸಿಕೊಂಡಿದ್ದರೆ ಡ್ರೈವ್ ಕಿತ್ತದ್ದು ಕಂಟ್ರೋಲರಿಗೆ ತಿಳಿಯುತ್ತದೆ. ತೆಗೆದುಬಿಟ್ಟಿದ್ದರೆ, ಎದ್ದ ಮೇಲೆ ಪ್ರತಿಯೊಂದು ಡ್ರೈವೂ ಕಿತ್ತು ಮತ್ತೆ ಸಿಕ್ಕಿಸಿದ ಹಾಗೆಯೇ ಕಾಣುತ್ತದೆ, ನಿಜವಾಗಿ ಕಿತ್ತಿರಲಿ ಬಿಟ್ಟಿರಲಿ. ಆಗ ಆಪರೇಟಿಂಗ್ ಸಿಸ್ಟಂ ಮುಂದೆ ಇರುವುದು ಎರಡೇ ದಾರಿ, ಎರಡೂ ಕೆಟ್ಟವೇ. ಹಳೆಯ ಡ್ರೈವ್ ಹೋಯಿತೆಂದು ತಿಳಿದರೆ ಅದರಲ್ಲಿ ತೆರೆದಿದ್ದ ಫೈಲುಗಳೆಲ್ಲ ನಡುವಿನಲ್ಲಿಯೇ ಕಡಿದುಹೋಗುತ್ತವೆ. ಅದೇ ಡ್ರೈವ್ ಎಂದು ನಂಬಿ ಮುಂದುವರಿದರೆ, ನಂಬಿಕೆ ತಪ್ಪಾಗಿದ್ದಲ್ಲಿ ಅನಾಹುತವಾಗುತ್ತದೆ. ಲಿನಕ್ಸ್ ನಂಬುವ ದಾರಿಗೂ ಏರ್ಪಾಡು ಮಾಡಿಕೊಂಡಿದೆ. ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ, ಕ್ರಮಸಂಖ್ಯೆಗಳು ಹೊಂದಿದರೆ ಅದೇ ಡ್ರೈವ್ ಎಂದು ಒಪ್ಪುತ್ತದೆ. ಇದನ್ನು ವಿವರಿಸುವ ದಾಖಲೆಯನ್ನು ಲಿನಕ್ಸ್‌ನ ಯುಎಸ್‌ಬಿ ಭಾಗವನ್ನು ಬರೆಯುವವರಲ್ಲೊಬ್ಬರಾದ ಅಲನ್ ಸ್ಟರ್ನ್ ಅವರು 2006ರಲ್ಲಿ ಬರೆದಾಗಲೇ ಇದು ಅಪಾಯಕಾರಿಯಾಗಬಹುದೆಂದು ಅದರೊಳಗೇ ಎಚ್ಚರಿಸಿದ್ದಾರೆ. ಕಾರ್ಡ್ ರೀಡರಿನಲ್ಲಿ ಒಂದು ಮೆಮೊರಿ ಕಾರ್ಡ್ ತೆಗೆದು ಇನ್ನೊಂದನ್ನು ಇಟ್ಟರೂ ರೀಡರಿನ ಗುರುತು ಬದಲಾಗುವುದಿಲ್ಲವಲ್ಲ!

ನಮ್ಮಲ್ಲಿ ಆದದ್ದು ಕಾರ್ಡ್ ಬದಲಾದದ್ದರಿಂದಲ್ಲ. ಡ್ರೈವ್ ಅದೇ, ಕಿಂಡಿ ಅದೇ. ಸ್ಕ್ಯಾನ್ ಮಾಡಿದ ಪುಟಗಳನ್ನು ನಾನು ಒಂದು ಹೊರಗಿನ ಡ್ರೈವಿಗೆ ಉಳಿಸುತ್ತಿದ್ದೆ. ಮಧ್ಯಾಹ್ನ ಮುಚ್ಚಳ ಮುಚ್ಚಿ ಎದ್ದು ಹೋದೆ. ಯಂತ್ರ ಮಲಗಿದ್ದನ್ನು ನೋಡಿದ ಸಹೋದ್ಯೋಗಿಯೊಬ್ಬರು ಆ ಡ್ರೈವನ್ನು ತೆಗೆದುಕೊಂಡು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ತಮ್ಮ ಫೋಲ್ಡರಿಗೆ 40 ಪುಟಗಳನ್ನು ಹಾಕಿ, ಕ್ರಮವಾಗಿ ‘ಇಜೆಕ್ಟ್’ ಮಾಡಿ, ತಂದು ಮೊದಲಿದ್ದ ಕಿಂಡಿಗೇ ಸಿಕ್ಕಿಸಿ ಹೋದರು. ಅವರ ಕಡೆಯಿಂದ ಎಳ್ಳಷ್ಟೂ ತಪ್ಪು ನಡೆದಿರಲಿಲ್ಲ. ನಾನು ಬಂದು ಮುಚ್ಚಳ ತೆಗೆದೆ, ಯಾವ ಎಚ್ಚರಿಕೆಯೂ ಬರಲಿಲ್ಲ, ಕೆಲಸ ಮುಂದುವರಿಸಿದೆ. ನನ್ನ ಯಂತ್ರದ ಮೆಮೊರಿಯಲ್ಲಿದ್ದದ್ದು ಮಧ್ಯಾಹ್ನದ ಮುಂಚಿನ ಪಟ್ಟಿ. ಅದರ ಪ್ರಕಾರ ಅವರ 40 ಪುಟಗಳು ಕುಳಿತಿದ್ದ ಜಾಗ ಇನ್ನೂ ಖಾಲಿ. ನನ್ನ ಹೊಸ ಪುಟಗಳು ನೇರವಾಗಿ ಹೋಗಿ ಅಲ್ಲಿಯೇ ಕುಳಿತವು. ಸಂಜೆ ಅವರು ತಮ್ಮ ಫೋಲ್ಡರನ್ನು ತೆರೆದಾಗ ಫೈಲುಗಳ ಹೆಸರು ಅವರದ್ದೇ, ತೆರೆದರೆ ಪುಟ ನನ್ನದು. ಒಂದೇ ಸ್ಕ್ಯಾನರಿನಿಂದ ಒಂದೇ ಅಳತೆಯಲ್ಲಿ ಬಂದ ಫೈಲುಗಳಾದ್ದರಿಂದ ಅಂಚಿಗೆ ಅಂಚು ಸರಿಯಾಗಿ ಹೊಂದಿಕೊಂಡಿದ್ದವು. ಹರಕು ಮುರುಕಾಗಿ ಕಂಡಿದ್ದರೆ ಕೂಡಲೇ ಅನುಮಾನ ಬರುತ್ತಿತ್ತು. ಮೂಲ ಪುಸ್ತಕ ಇನ್ನೂ ನಮ್ಮ ಮೇಜಿನ ಮೇಲೆಯೇ ಇದ್ದದ್ದರಿಂದ ಮತ್ತೆ ಸ್ಕ್ಯಾನ್ ಮಾಡಿದೆವು. ಪುಸ್ತಕ ಹಿಂದಿರುಗಿ ಹೋಗಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ವಿಂಡೋಸ್ 10ರ 2018ರ 1809 ಆವೃತ್ತಿಯಿಂದ ಹೊರಗಿನ ಡ್ರೈವುಗಳಿಗೆ ‘ಕ್ಷಿಪ್ರ ತೆಗೆಯುವಿಕೆ’ಯ ನೀತಿಯೇ ಮೊದಲಿನಿಂದ ಜಾರಿಯಲ್ಲಿರುತ್ತದೆ, ಬರಹವನ್ನು ಕ್ಯಾಶ್‌ನಲ್ಲಿ ಕೂಡಿಟ್ಟುಕೊಳ್ಳುವುದಿಲ್ಲ ಎಂಬುದನ್ನು ಕೆಲವರು ನನ್ನ ಗಮನಕ್ಕೆ ತಂದಿದ್ದಾರೆ. ಒಳ್ಳೆಯ ನೀತಿಯೇ. ಆದರೆ ಅದು ಬರೆಯಬೇಕಾದದ್ದು ಬಾಕಿ ಉಳಿಯದಂತೆ ನೋಡಿಕೊಳ್ಳುತ್ತದೆಯೇ ಹೊರತು, ಆಗಲೇ ಓದಿ ಮೆಮೊರಿಯಲ್ಲಿಟ್ಟುಕೊಂಡ ಹಳೆಯ ಪಟ್ಟಿ ಹಳತಾಗಿದೆ ಎಂಬುದನ್ನು ಯಂತ್ರಕ್ಕೆ ತಿಳಿಸುವುದಿಲ್ಲ. ಮುಚ್ಚಳ ಮುಚ್ಚುವ ಮುನ್ನ ಹೊರಗಿನ ಡ್ರೈವನ್ನು ‘ಇಜೆಕ್ಟ್’ ಮಾಡುವುದೊಂದೇ ಇದಕ್ಕೆ ನಂಬಬಹುದಾದ ಪರಿಹಾರ.

ಇದೇ ದೋಷ ಹೈಬರ್ನೇಟ್‌ನಲ್ಲಿ ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ ಅಲ್ಲಿ ಯಂತ್ರ ಪೂರ್ತಿ ಆರಿರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡವರು ಒಂದನ್ನು ಹೈಬರ್ನೇಟ್ ಮಾಡಿ ಇನ್ನೊಂದನ್ನು ಚಾಲೂ ಮಾಡಿ ಮೊದಲನೆಯದರ ಡಿಸ್ಕಿಗೆ ಏನಾದರೂ ಬರೆದರೆ, ಮೊದಲನೆಯದು ಎದ್ದಾಗ ತನ್ನ ಹಳೆಯ ನೆನಪಿನ ಮೇಲೆಯೇ ಬರೆಯುತ್ತ ಹೋಗುತ್ತದೆ. ‘ನಾನು ಬರೆಯುವುದಿಲ್ಲ, ಓದುವುದಕ್ಕೆ ಮಾತ್ರ ತೆರೆಯುತ್ತೇನೆ’ ಎಂದರೂ ಸಾಲದು. ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯನ್ನು ಓದಲಿಕ್ಕೆಂದು ತೆರೆದರೂ ಅದರ ಜರ್ನಲ್‌ನಲ್ಲಿ (ಬದಲಾವಣೆಗಳ ದಿನಚರಿಯಲ್ಲಿ) ಬಾಕಿ ಇರುವುದನ್ನು ಅದು ಮೊದಲು ಡಿಸ್ಕಿಗೆ ಬರೆದೇ ತೀರುತ್ತದೆ. ಬೇಡವೆಂದು ಪ್ರತ್ಯೇಕವಾಗಿ ಹೇಳದ ಹೊರತು ನಿಲ್ಲುವುದಿಲ್ಲ. ಇನ್ನು 2012ರ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿರುವ ಯಂತ್ರಗಳಲ್ಲಿ, ಬಳಕೆದಾರರು ‘ಶಟ್‌ಡೌನ್’ ಎಂದು ಒತ್ತಿದರೂ ನಡೆಯುವುದು ಅರ್ಧ ಹೈಬರ್ನೇಟ್: ಬಳಕೆದಾರರ ಪ್ರೋಗ್ರಾಮುಗಳನ್ನು ಮುಚ್ಚಿ, ಕರ್ನೆಲನ್ನು ಮಾತ್ರ ಡಿಸ್ಕಿಗೆ ಬರೆದು ಆರಿಸಲಾಗುತ್ತದೆ. ಪೂರ್ತಿ ಮುಚ್ಚಿ ತೆರೆಯುವುದು ‘ರೀಸ್ಟಾರ್ಟ್’ ಒತ್ತಿದಾಗ. ಶಟ್‌ಡೌನ್ ಮಾಡಿದ್ದೇನೆಂದು ನಂಬಿದವರ ಡಿಸ್ಕ್ ತೆರೆದೇ ಇದ್ದು, ರೀಸ್ಟಾರ್ಟ್ ಮಾಡಿದವರ ಡಿಸ್ಕ್ ಸರಿಯಾಗಿ ಮುಚ್ಚಿರುತ್ತದೆ ಎಂಬುದನ್ನು ಸಾಮಾನ್ಯ ಬಳಕೆದಾರರು ಊಹಿಸುವುದಾದರೂ ಹೇಗೆ? ವಿಂಡೋಸ್ ಡಿಸ್ಕುಗಳನ್ನು ತೆರೆಯಲು ಲಿನಕ್ಸ್‌ನಲ್ಲಿ ಬಳಸುವ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ಇಂತಹ ಡಿಸ್ಕನ್ನು ಗುರುತು ಹಿಡಿದು ಅದರ ಮೇಲೆ ಬರೆಯಲು ನಿರಾಕರಿಸುತ್ತದೆ. ಹಲವರು ಅದನ್ನು ತಂತ್ರಾಂಶದ ದೋಷವೆಂದು ತಿಳಿದು, ಬಲವಂತವಾಗಿ ಬರೆಯುವ ದಾರಿ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ಅದು ಅವರ ಫೈಲುಗಳನ್ನು ಕಾಯುತ್ತಿದೆ.

ಇಷ್ಟೆಲ್ಲ ಕಷ್ಟವಿದ್ದರೆ ಸ್ಲೀಪ್ ಬಿಟ್ಟುಬಿಡಿ, ಯಾವಾಗಲೂ ಶಟ್‌ಡೌನ್ ಮಾಡಿ ಎಂದು ಹೇಳುವವರ ಜೊತೆಗೂ ನಾನಿಲ್ಲ. ತೆರೆದಿಟ್ಟ ಹತ್ತು ಕೆಲಸಗಳು ಬಿಟ್ಟಲ್ಲೇ ಸಿಗುವ ಅನುಕೂಲ ಸಣ್ಣದಲ್ಲ, ಅದಕ್ಕಾಗಿ ದುಡಿದವರ ಶ್ರಮವೂ ಸಣ್ಣದಲ್ಲ. ನನ್ನ ದೂರು ಇರುವುದು ಮೌನದ ಬಗ್ಗೆ. ಹೊರಗಿನ ಡ್ರೈವ್ ತೆರೆದಿರುವಾಗ ಮುಚ್ಚಳ ಮುಚ್ಚಿದರೆ, ಎದ್ದ ಮೇಲೆ ‘ನಾನು ಮಲಗಿದ್ದಾಗ ಈ ಡ್ರೈವಿನ ಮೇಲೆ ನನಗೆ ಕಣ್ಣಿರಲಿಲ್ಲ’ ಎಂದು ಒಂದು ಸಾಲು ತೋರಿಸುವುದು ಆಪರೇಟಿಂಗ್ ಸಿಸ್ಟಂಗೆ ಅಸಾಧ್ಯವೇನಲ್ಲ. ಡ್ರೈವ್ ತಾನೇ ಎಣಿಸಿಟ್ಟುಕೊಂಡ ಅಸುರಕ್ಷಿತ ಸ್ಥಗಿತಗಳು ಪ್ರತಿ ಸ್ಲೀಪ್‌ಗೂ ಏರುತ್ತಿದ್ದರೆ ಅದನ್ನು ಬಳಕೆದಾರರ ಮುಂದಿಡುವುದೂ ಕಷ್ಟವಲ್ಲ. ಯಂತ್ರದ ತಯಾರಕರು ತಮ್ಮ ವಿವರಪತ್ರದಲ್ಲಿ ಪರದೆಯ ಅಳತೆ, ಬ್ಯಾಟರಿಯ ಗಂಟೆಗಳ ಪಕ್ಕದಲ್ಲಿ ಇದು ಎಸ್-3 ಬಗೆಯ ಸ್ಲೀಪೋ ಅರೆಎಚ್ಚರದ ಬಗೆಯದೋ, ಮಲಗಿದಾಗ ಯುಎಸ್‌ಬಿ ಕಿಂಡಿಗೆ ವಿದ್ಯುತ್ ಇರುತ್ತದೋ ಇಲ್ಲವೋ ಎಂಬ ಎರಡು ಸಾಲುಗಳನ್ನು ಸೇರಿಸಬಹುದು.

ತಮ್ಮ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ಲೇಖನದ ಸಲಹೆಗೆ ಒಂದು ತಿದ್ದುಪಡಿ ಹಾಕಬೇಕೆಂದು ವಿನಂತಿಸುತ್ತೇನೆ. ಮುಚ್ಚಳ ಮುಚ್ಚುವ ಮೊದಲು ಹೊರಗಿನ ಡ್ರೈವ್ ಮತ್ತು ಕಾರ್ಡುಗಳನ್ನು ‘ಇಜೆಕ್ಟ್’ ಮಾಡಬೇಕು. ಮಲಗಿರುವ ಅಥವಾ ಹೈಬರ್ನೇಟ್ ಆಗಿರುವ ಯಂತ್ರದ ಡಿಸ್ಕನ್ನು ಬೇರೆ ಯಂತ್ರದಲ್ಲಿ ತೆರೆಯಬಾರದು. ಡಿಸ್ಕ್ ಬಿಚ್ಚುವುದಿದ್ದರೆ ಅಥವಾ ಎರಡನೆಯ ಆಪರೇಟಿಂಗ್ ಸಿಸ್ಟಂಗೆ ಹೋಗುವುದಿದ್ದರೆ ಫಾಸ್ಟ್ ಸ್ಟಾರ್ಟಪ್ ಆರಿಸಿ ಪೂರ್ತಿ ಶಟ್‌ಡೌನ್ ಮಾಡಬೇಕು. ಬ್ಯಾಟರಿ ಕಡಿಮೆ ಇರುವಾಗ ಸ್ಲೀಪ್‌ಗಿಂತ ಹೈಬರ್ನೇಟ್ ಮೇಲು. ಇಷ್ಟನ್ನು ಆ ಲೇಖನ ಬಂದ ಜಾಗದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದರೆ ಉಪಕಾರವಾಗುತ್ತದೆ. ವಿವರಗಳು ಬೇಕಿದ್ದಲ್ಲಿ ನನ್ನ ಆ 11 ದಿನಗಳ ಚೀಟಿಯ ಪ್ರತಿಯನ್ನು ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಾಲಯದ ಕಂಪ್ಯೂಟರ್ ವಿಭಾಗದ ಒಬ್ಬ ಓದುಗ